ಸೌತೆಕಾಯಿ ಮುದುಕಿ ಕೇಳಿದ್ದು

ದೆವ್ವ, ಭೂತ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಹೊಟ್ಟೆ ಸರಿಯಿಲ್ಲದವರಿಗೆ ಇಂಥವೆಲ್ಲ ಕಾಣುತ್ತವೆ ಎಂದು ಗೇಲಿ ಮಾಡುತ್ತಿದ್ದೆ. ಈಗ ಗೇಲಿ ಮಾಡುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ನೀವು ನನ್ನನ್ನು ಬೈದರೆ ಬೈಸಿಕೊಳ್ಳಲು ತಯಾರಿದ್ದೇನೆ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಕಾಲೇಜಿನ ಪರೀಕ್ಷೆ ಮುಗಿದಿತ್ತು, ಬೆಂಗಳೂರು ನೋಡುವ ಹುಚ್ಚು ಹತ್ತಿತ್ತು. ಅಲ್ಲಿ ನಮಗೆ ಗುರುತಿನವರು ಯಾರೂ ಇರಲಿಲ್ಲ. ನನ್ನಕ್ಕ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್ಸ್‌ನ ಕೂಲಿ ಲೈನಿನ ತಗಡಿನ ಮನೆಯಲ್ಲಿದ್ದಳು. ಅವಳಲ್ಲಿ ಉಳಿದುಕೊಂಡು ದಿನಾ ರೈಲಿನಲ್ಲಿ ಹೋಗಿಬರುವುದೆಂದು ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಬೇಗ ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿದರೆ ಬೆಂಗಳೂರು. ಸಂಜೆ ಮತ್ತೆ ಅದೇ ದಾರಿ.

ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗಿ ಹತ್ತು ವರ್ಷ ರೈಲಿನ ಕೂಗು ಕೇಳಿಸುವಷ್ಟು ಹತ್ತಿರ ಬದುಕಿದರೂ ಅವಳು ಬೆಂಗಳೂರು ಕಂಡವಳಲ್ಲ. ಆ ಲೈನಿನ ಹೆಂಗಸರಲ್ಲಿ ಒಂದು ಕಟ್ಟು ಇತ್ತು: ಗಂಡ ಗಣಿಯೊಳಕ್ಕೆ ಇಳಿದಿರುವಾಗ ಹೆಂಡತಿ ಊರು ಬಿಟ್ಟು ಹೋಗಬಾರದು. ಭಾವ ಭಾನುವಾರ ಬಿಟ್ಟು ದಿನಾ ಇಳಿಯುತ್ತಿದ್ದರು.

"ಬಾನ್ವಾರ ನನ್ನೂ ಕರ್ಕೊಂಡೋಗ್ಲಾ. ಒಂದ್ಸಲ ನೋಡ್ಬುಟ್ಟು ಬತ್ತೀನಿ," ಎಂದಳು. ಆಗಲಿ ಎಂದೆ.

ನಿಜ ಹೇಳುತ್ತೇನೆ, ಕರೆದುಕೊಂಡು ಹೋಗುವ ಮನಸ್ಸು ನನಗಿರಲಿಲ್ಲ. ನಾನು ಹೊಸ ಪ್ಯಾಂಟು ಹೊಲಿಸಿಕೊಂಡಿದ್ದೆ. ಅಕ್ಕ ಬರಿಗಾಲಿನವಳು. ಅವಳ ಮೂಗುಬೊಟ್ಟು ಮುರಿದು ವರ್ಷವಾಗಿತ್ತು. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಗಂಡ ಅಗೆಯುವುದು ಚಿನ್ನ, ಹೆಂಡತಿಯ ಮೂಗಿನಲ್ಲಿ ಕಡ್ಡಿ! ಆ ಕಡ್ಡಿಯನ್ನು ಬೆಂಗಳೂರಿನವರು ನೋಡುತ್ತಾರಲ್ಲ ಎಂದು ನನಗೆ ನಾಚಿಕೆ.

ಆ ವಾರವೆಲ್ಲ ಒಬ್ಬನೇ ಸುತ್ತಿದೆ. ಸಂಜೆ ಬಂದಾಗ ಅಕ್ಕ ಬಾಗಿಲಲ್ಲಿ ಕೂತು ಬಿಸಿನೀರಿನಲ್ಲಿ ಕಾಲು ಅದ್ದಿಕೊಂಡಿರುತ್ತಿದ್ದಳು. ನಲ್ಲಿಯ ಹತ್ತಿರ ನಿಂತು ನಿಂತು ನೋವು ಬಂದಿರಬೇಕು ಎಂದುಕೊಂಡೆ, ಕೇಳಲಿಲ್ಲ. "ಇವತ್ತೇನ್ಲಾ ನೋಡ್ದೆ?" ಎನ್ನುತ್ತಿದ್ದಳು. ಒಂದು ದಿನ ಲಾಲ್‌ಬಾಗಿನ ಬಂಡೆ ಹತ್ತಿದೆ ಎಂದೆ. "ಊಂ, ಕಾಲು ಸುಡ್ತದೆ ಅಲ್ಲಿ," ಎಂದಳು. ನನ್ನ ಕಾಲಲ್ಲಿ ಬೂಟು ಇತ್ತು. ಬೇಸಿಗೆಯಲ್ಲಿ ಬಂಡೆ ಸುಡುವುದು ಯಾರಿಗೆ ಗೊತ್ತಿಲ್ಲ ಎಂದುಕೊಂಡೆ.

ಭಾನುವಾರ ಬಂತು. ಅಕ್ಕ ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದಿಟ್ಟು ಸ್ನಾನಕ್ಕೆ ಹೋಗಿದ್ದಳು. ಅವಳು ಕಟ್ಟಿಟ್ಟಿದ್ದ ಮೊಸರನ್ನದ ಬುತ್ತಿಯನ್ನು ಎತ್ತಿಕೊಂಡು, ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿರುವಾಗಲೇ ನಾನು ಹೊರಟುಬಿಟ್ಟೆ. ಸ್ಟೇಷನ್ನಿನವರೆಗೆ ತಿರುಗಿ ನೋಡಲಿಲ್ಲ. ಗಾಡಿಯಲ್ಲಿ ಬುತ್ತಿ ಬಿಚ್ಚಿದರೆ ಇಬ್ಬರಿಗಾಗುವಷ್ಟು ಅನ್ನವಿತ್ತು.

ಬೆಂಗಳೂರಿನ ಸ್ಟೇಷನ್ನಿನ ಹೊರಗೆ ಒಬ್ಬ ಮುದುಕಿ ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚಿ ಮಾರುತ್ತಿದ್ದಳು. ದಿನಾ ಅವಳ ಹತ್ತಿರ ತಿನ್ನುವುದು ನನ್ನ ಅಭ್ಯಾಸವಾಗಿತ್ತು. ಆ ದಿನ ಕಾಯಿ ಸೀಳುತ್ತಾ ನನ್ನ ಬೆನ್ನ ಹಿಂದೆ ಇಣುಕಿದಳು.

"ಎಲ್ಲಪ್ಪಾ, ನಿಮ್ಮಕ್ಕ ಇವತ್ತು ಬರ್ನಿಲ್ವಾ?"

ಯಾವ ಅಕ್ಕ ಎಂದೆ.

"ಅದೇ ಕಣಪ್ಪಾ, ಬರಿಗಾಲಾಗೆ ದಿನಾ ನಿನ್ ಹಿಂದೇನೇ ಬತ್ತಿದ್ಳಲ್ಲ. ಮೂಗ್ನಾಗೆ ಬೇವಿನಕಡ್ಡಿ ಇಕ್ಕಂಡವ್ಳೆ. ನಿನ್ ಥರಾನೇ ಮುಖ. ನೀನು ತಿನ್ನಾಗಂಟ ಬಿಸ್ಲಾಗೆ ನಿಂತಿರ್ತಿದ್ಳು. ಒಂದಿನಾನಾದ್ರೂ ಅವ್ಳಿಗೊಂದು ಚೂರು ಕೊಡ್ದೋದ್ಯಲ್ಲಪ್ಪಾ, ಅದೆಂಥಾ ತಮ್ಮ ನೀನು!"

ನಾನು ಆ ದಿನ ಎಲ್ಲಿಗೂ ಹೋಗಲಿಲ್ಲ. ಎರಡು ಸೌತೆಕಾಯಿ ಕಟ್ಟಿಸಿಕೊಂಡು ಸಿಕ್ಕಿದ ಗಾಡಿ ಹತ್ತಿದೆ. ಅಕ್ಕನಿಗೆ ಏನೋ ಆಗಿದೆ ಎಂದು ಬಂಗಾರಪೇಟೆಯಲ್ಲಿ ಇಳಿದು ಕಾಯುವಾಗ ಅತ್ತುಬಿಟ್ಟೆ.

ಅವಳಿಗೇನೂ ಆಗಿರಲಿಲ್ಲ. ಮದುವೆಯ ಸೀರೆ ಉಟ್ಟು, ಬಾಡಿದ ಹೂ ಮುಡಿದು ಬಾಗಿಲಲ್ಲೇ ಕೂತಿದ್ದಳು. ಮುಂದೆ ಬಿಸಿನೀರಿನ ಬೋಗುಣಿ ಇರಲಿಲ್ಲ. ಏನು ನೋಡಿದೆ ಎಂದು ಕೇಳಲಿಲ್ಲ. ಸೌತೆಕಾಯಿ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನಂಗ್ಯಾಕ್ಲಾ ಈಗ? ಇವತ್ತು ನಾನೆಲ್ಲೂ ಓಗ್ನಿಲ್ಲ."

ಕಾಲು ಹಿಡಿದು ತಪ್ಪಾಯಿತು ಎನ್ನಬೇಕಾಗಿತ್ತು. ಮುಂದಿನ ಭಾನುವಾರದವರೆಗೆ ಉಳಿದು ಕರೆದುಕೊಂಡು ಹೋಗಬೇಕಾಗಿತ್ತು. ನನಗೆ ಅವಳನ್ನು ಕಂಡರೆ ಭಯವಾಗಿತ್ತು. ಹೊತ್ತಿ ಉರಿಯುವ ಮನೆಯಿಂದ ಓಡುವವನ ಹಾಗೆ ಬೆಳಗಾದ ಕೂಡಲೇ ಊರಿಗೆ ಓಡಿದೆ. ಆಮೇಲೆ ಕೆಲಸ, ಮದುವೆ ಎಂದು ನೆಪಗಳಿಗೇನು ಬರ. ಎಂಟು ವರ್ಷ ಅತ್ತ ಕಾಲಿಡಲಿಲ್ಲ.

ಆ ಮುದುಕಿ ಬೇರೆ ಯಾರನ್ನೋ ಕಂಡಿರಬಹುದು. ಬೇವಿನ ಕಡ್ಡಿಯ ಬಡವಿ ಲೋಕದಲ್ಲಿ ಅಕ್ಕನೊಬ್ಬಳೇ ಅಲ್ಲ. ಹೀಗೆ ಎಷ್ಟು ಸಲ ಹೇಳಿಕೊಂಡರೂ 'ಇವತ್ತು ನಾನೆಲ್ಲೂ ಓಗ್ನಿಲ್ಲ' ಎಂಬ ಅಕ್ಕನ ಮಾತಿಗೆ ಅರ್ಥ ಸಿಗುವುದಿಲ್ಲ.

ಎಂಟನೆಯ ವರ್ಷ, ಭಾವ ಯಾರ ಕೈಯಲ್ಲೋ ಬರೆಸಿದ ಕಾಗದ ಬಂತು. ಜ್ವರ ಬಂದು ಮೂರೇ ದಿನಕ್ಕೆ ಅಕ್ಕ ತೀರಿಕೊಂಡಿದ್ದಳು. "ಬೆಂಗಳೂರು ನೋಡಬೇಕು ಅಂತ ಬಹಳ ಆಸೆ ಇತ್ತು, ಪಾಪ, ನೋಡದೆ ಹೋದಳು" ಎಂದು ಕೊನೆಯಲ್ಲಿತ್ತು.

ಇಲ್ಲ ಭಾವ, ನೋಡಿದ್ದಳು ಎಂದು ಬರೆಯಲು ಕೂತೆ. ಬರೆದರೆ, ಯಾರು ತೋರಿಸಿದ್ದು ಎಂದು ಅವರು ಕೇಳುತ್ತಾರೆ. ಕಾಗದ ಹಾಗೇ ಉಳಿಯಿತು.