ಸ್ಮಾರಕದ ನಾಲ್ಕನೆಯ ಮುಖ

ವೆಂಕಟಪ್ಪನವರು ಕಲ್ಲನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಎಡಗೈಯ ಹೆಬ್ಬೆರಳನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಸುತ್ತಿಗೆಯ ಪೆಟ್ಟು ಬಿದ್ದು ಬಿದ್ದು ಆ ಬೆರಳಿನ ಉಗುರು ಯಾವತ್ತೋ ಹೋಗಿತ್ತು. "ಉಗುರಿದ್ದೋರ ಹತ್ರ ಕಲ್ಲು ಬಾಯಿ ಬಿಡಲ್ಲ ಮೇಷ್ಟ್ರೇ" ಎಂದು ನನ್ನನ್ನು ಛೇಡಿಸುತ್ತಿದ್ದರು. ಮೂಡಿಗೆರೆ ಸುತ್ತಿನ ಒರಳು, ಬೀಸುವ ಕಲ್ಲುಗಳಿಗೆಲ್ಲ ಉಳಿ ಹಾಕಿದವರು ಅವರೇ. ಮಿಕ್ಸಿ ಬಂದ ಮೇಲೆ ಸಮಾಧಿಗಳ ಮೇಲೆ ಹೆಸರು ಕೆತ್ತುವುದಕ್ಕೆ ಹಿಡಿದರು. ಕೆಲಸ ಕಡಿಮೆಯಾಯಿತೇ ಹೊರತು ಗತ್ತು ಕಡಿಮೆಯಾಗಲಿಲ್ಲ. ಎಸ್ಟೇಟ್ ಮಾಲೀಕರು ಕಾರು ನಿಲ್ಲಿಸಿ ಕರೆದರೂ ಕೈಯಲ್ಲಿದ್ದ ಅಕ್ಷರ ಮುಗಿಯದೆ ತಲೆ ಎತ್ತುತ್ತಿರಲಿಲ್ಲ.

ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಯುದ್ಧಸ್ಮಾರಕವಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬಿಳಿಯ ಪ್ಲಾಂಟರುಗಳು ನಿಲ್ಲಿಸಿದ್ದು. ಕೆಳಗೆ ಮೂರು ಮೆಟ್ಟಿಲು, ಅದರ ಮೇಲೆ ಎದೆಯೆತ್ತರದ ಚೌಕ ಪೀಠ, ಪೀಠದ ಮೇಲೆ ಒಂದೇ ಕಲ್ಲಿನ ಶಿಲುಬೆ. ಎಲ್ಲವೂ ಇಲ್ಲಿಯದೇ ಬೂದುಕಲ್ಲು. ಪೀಠದ ಮೂರು ಮುಖಗಳಲ್ಲಿ ಯುದ್ಧಕ್ಕೆ ಹೋಗಿ ಸತ್ತ ದೊರೆಗಳ ಹೆಸರುಗಳಿವೆ. ಬೇಲಿಯ ಕಡೆ ತಿರುಗಿದ ನಾಲ್ಕನೆಯದು ಖಾಲಿ ಇತ್ತು. ನಾನು ಚರ್ಚ್ ಸಮಿತಿಯ ಕಾರ್ಯದರ್ಶಿಯಾಗಿದ್ದಾಗ ಸ್ಮಾರಕದ ದುರಸ್ತಿ ಮಾಡಿಸಿದೆವು. ಆ ಖಾಲಿ ಮುಖಕ್ಕೆ ದಾನಿಗಳ ಹೆಸರಿನ ಹೊಳೆಯುವ ಕಪ್ಪು ಫಲಕ ಕೂರಿಸುವುದೆಂದು ತೀರ್ಮಾನವಾಯಿತು. ದಾನಿಗಳಲ್ಲಿ ನಾನೂ ಒಬ್ಬ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಫಲಕ ಕೂರಿಸಲು ವೆಂಕಟಪ್ಪನವರನ್ನು ಕರೆಸಿದೆ. ಅವರು ಪಾಚಿ ಕೆರೆದು, ಹೆಬ್ಬೆರಳಿಟ್ಟು ಅಡ್ಡಡ್ಡ ತಡವಿದರು. ಆಮೇಲೆ ನನ್ನ ಬೆರಳು ಹಿಡಿದು ಕಲ್ಲಿನ ಮೇಲೆ ಎಳೆದರು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಕಾಪಿ ಪುಸ್ತಕದಲ್ಲಿರುವ ಹಾಗೆ, ಒಂದರ ಕೆಳಗೊಂದು.

"ಇದು ಅಕ್ಷರಕ್ಕೆ ಹಾಕಿದ ಗೆರೆ" ಎಂದರು. "ಕೆತ್ತಬೇಕು ಅಂತ್ಲೇ ಹಾಕಿ, ಕೆತ್ತದೆ ಬಿಟ್ಟಿದಾರೆ."

"ಯಾರ ಹೆಸರಿಗೆ?"

"ದೊರೆಗಳದ್ದು ಮೂರು ಕಡೆಗೇ ಮುಗೀತಲ್ಲ. ಅವರ ಹಿಂದೆ ಹೇಸರಗತ್ತೆ ಹೊಡ್ಕೊಂಡು ಹೋದ ಆಳುಗಳಿದ್ರು. ನಾಲ್ಕು ಜನ ಹೋದ್ರು, ಒಬ್ರೂ ಬರ್ಲಿಲ್ಲ ಅಂತ ನಮ್ಮಜ್ಜ ಹೇಳೋರು. ಈ ಫಲಕ ನಾನು ಹಾಕಲ್ಲ ಮೇಷ್ಟ್ರೇ. ಬೇರೆಯೋರು ಹಾಕೋಕೂ ಬಿಡಲ್ಲ."

ಸಮಿತಿಯ ಅಧ್ಯಕ್ಷರು ದೊಡ್ಡ ತೋಟದವರು. ಸುದ್ದಿ ತಿಳಿದು ಬಂದವರೇ, "ಹೆಸರೇ ಗೊತ್ತಿಲ್ಲದವರಿಗೆ ಕಲ್ಲು ಯಾಕಯ್ಯಾ?" ಎಂದರು.

"ಗೊತ್ತಿಲ್ದೆ ಏನು ಸ್ವಾಮಿ. ಕೇಳಿದೋರಿಲ್ಲ, ಅಷ್ಟೆ."

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ವೆಂಕಟಪ್ಪನವರು ನನ್ನನ್ನು ಎಸ್ಟೇಟಿನ ಲೈನುಗಳಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಎಳೆದುಕೊಂಡು ಹೋದರು. ಅವತ್ತು ಅಲ್ಲಿ ಸತ್ತ ಹಿರಿಯರಿಗೆ ಎಡೆ ಇಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಪುಟ್ಟಮ್ಮ ಎಂಬ ಮುದುಕಿ ಒಳಗಿನ ಎಲೆಗಳಿಗೆಲ್ಲ ಬಡಿಸಿದ ಮೇಲೆ ಹೊಸಿಲಿನ ಆಚೆ ಇನ್ನೊಂದು ಎಲೆ ಹಾಕಿದಳು. ಮನೆಯಿಂದ ದೂರ ಸತ್ತು, ಮಣ್ಣೂ ಸಿಗದವರಿಗೆ ಆ ಜಾಗವಂತೆ. "ಹಡಗು ಹತ್ತಿ ಹೋದ ಕಾಳ, ಬಾರಪ್ಪ, ಉಣ್ಣು" ಎಂದಳು.

"ಯಾರಜ್ಜಿ ಅದು?" ಎಂದೆ.

"ನಮ್ಮ ಮಾವನ ಅಪ್ಪ. ನಾನು ನೋಡಿಲ್ಲ. ಕರೀದೆ ಇದ್ರೆ ಹೆಂಗೆ ಬರ್ತಾನೆ?"

ಸಂಜೆಯೊಳಗೆ ಇನ್ನೂ ಮೂರು ಮನೆಗಳ ಹೊಸಿಲಾಚೆ ಅಂಥದೇ ಎಲೆ ಕಂಡೆವು. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಆ ಲೈನಿನ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದವನು ನಾನು.

ಆ ನಾಲ್ಕು ಹೆಸರು ಕೆತ್ತಬೇಕೆಂದಾಗ ಸಮಿತಿ ಆಧಾರ ಕೇಳಿತು. ವೆಂಕಟಪ್ಪನವರು ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು: "ದೊರೆಗಳ ಹೆಸರಿಗೆ ಯಾವ ಆಧಾರ ನೋಡಿದ್ರಿ? ಕಲ್ಲಲ್ಲಿದೆ, ನಂಬಿದ್ರಿ. ಇದನ್ನೂ ಕಲ್ಲಲ್ಲಿ ಹಾಕ್ತೀನಿ, ನಂಬಿ." ಸಮಿತಿ ಒಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು.

"ಗೇಟಿನ ಕೀಲಿ ಕೊಡಿ. ನಿಮ್ಮ ಹೆಸರು ಎತ್ತಲ್ಲ."

ಆ ಮಾತು ಚುರ್ರೆಂದಿತು. "ಎತ್ತಿ" ಎಂದು ಕೀಲಿ ಕೊಟ್ಟೆ.

ಮೂರು ದಿನ ಹಾಡಹಗಲಲ್ಲಿ, ಕಳಸದ ಬಸ್ಸಿಗೆ ಕಾದು ನಿಂತವರಿಗೆಲ್ಲ ಕೇಳುವ ಹಾಗೆ, ಆ ಹಳೆಯ ಗೆರೆಗಳ ಮೇಲೆಯೇ ಕೆತ್ತಿದರು. ಅಧ್ಯಕ್ಷರು ಬಂದು ಪೊಲೀಸರನ್ನು ಕರೆಸುತ್ತೇನೆಂದು ಕೂಗಾಡಿದರು. ವೆಂಕಟಪ್ಪನವರು ಅಕ್ಷರ ಮುಗಿಸಿ, ಪುಡಿ ಊದಿ, ಆಮೇಲೆ ತಲೆ ಎತ್ತಿದರು. "ಕರೀರಿ. ಅವರಿಗೂ ಓದೋಕೆ ಬರುತ್ತೆ."

ಹೆಸರುಗಳನ್ನು ಕೆರೆದು ಹಾಕಲು ಸಮಿತಿ ಆಳು ಹುಡುಕಿತು. ಸತ್ತವರ ಹೆಸರಿನ ಮೇಲೆ ಉಳಿ ಇಡುವುದಿಲ್ಲವೆಂದು ಕಲ್ಲುಕೆಲಸದವರು ಒಬ್ಬರೂ ಬರಲಿಲ್ಲ. ಹಾಗಿದ್ದರೆ ಫಲಕದಿಂದ ಮುಚ್ಚಿಬಿಡೋಣ, ಯುದ್ಧದಲ್ಲಿ ಸತ್ತವರಿಗಾಗಿ ನವೆಂಬರಿನಲ್ಲಿ ನಡೆಯುವ ಆರಾಧನೆ ಮುಗಿದ ಕೂಡಲೇ ಅಂಟಿಸೋಣ ಎಂದು ಅದನ್ನು ತಂದು ಚರ್ಚಿನ ಗೋಡೆಗೆ ಒರಗಿಸಿದರು. ಅದು ಇವತ್ತಿಗೂ ಅಲ್ಲೇ ಒರಗಿದೆ.

ನವೆಂಬರ್ ಬರುವ ಮೊದಲೇ ವೆಂಕಟಪ್ಪನವರು ಹೋಗಿಬಿಟ್ಟರು. ಕಲ್ಲಿನ ಧೂಳು ಶ್ವಾಸಕೋಶ ತಿಂದಿತ್ತು. ನಾನು ಕೊನೆಯ ಸಲ ನೋಡಲು ಹೋದಾಗ ಮಾತಾಡಲು ಉಸಿರಿರಲಿಲ್ಲ, ಸಿಟ್ಟು ಮಾತ್ರ ಹಾಗೇ ಇತ್ತು. "ಮುಚ್ಚೋಕೆ ಬಿಡ್ಬೇಡಿ" ಎಂದರು. ಅಷ್ಟು ಹೇಳಲು ಎರಡು ಸಲ ನಿಲ್ಲಬೇಕಾಯಿತು.

ನವೆಂಬರಿನ ಆರಾಧನೆಯಲ್ಲಿ ಸ್ಮಾರಕದ ಹೆಸರುಗಳನ್ನು ಓದುವುದು ಕಾರ್ಯದರ್ಶಿಯ ಕೆಲಸ. "ಮೂರು ಕಡೆ ಸಾಕು" ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದರು. ಮೂರನ್ನೂ ಓದಿದೆ. ಆಮೇಲೆ ಒದ್ದೆ ಹುಲ್ಲಿನಲ್ಲಿ ಸುತ್ತು ಹಾಕಿ ಬೇಲಿಯ ಕಡೆ ಹೋಗಿ ನಿಂತೆ. ಕಾಳ. ಸಿದ್ದ. ಮಂಜ. ದ್ಯಾವ. ತಲೆ ತಗ್ಗಿಸಿ, ಮೆಲ್ಲಗೆ ಓದಿದೆ. ಲೈನಿನಿಂದ ಬಂದ ಪುಟ್ಟಮ್ಮ ಗೇಟಿನ ಹತ್ತಿರ ಕೈಮುಗಿದು ನಿಂತಿದ್ದಳು.

"ಇದಕ್ಕೆ ನೀವು ಉತ್ತರ ಕೊಡಬೇಕಾಗುತ್ತೆ" ಎಂದರು ಅಧ್ಯಕ್ಷರು, ಎಲ್ಲರೆದುರು.

"ಕೊಡ್ತೀನಿ" ಎಂದೆ. "ಅಜ್ಜಿಗೆ ಸರಿಯಾಗಿ ಕೇಳಿಸಿಲ್ಲ ಅಂತ ಕಾಣುತ್ತೆ. ಇನ್ನೊಂದು ಸಲ ಓದ್ತೀನಿ."

ಓದಿದೆ. ಈ ಸಲ ಗೇಟಿನ ಕಡೆ ತಿರುಗಿ, ಗಟ್ಟಿಯಾಗಿ.