ಮೀನಿನ ತೊಟ್ಟಿಯ ಕಲ್ಲು ಬೇಯಿಸಿದ ಮೇಲೆ

ಗಾಜು ಒರೆಸಿದರೆ ಮೀನಿನ ತೊಟ್ಟಿ ಶುಚಿಯಾಯಿತು ಎಂದು ನಾನು ಮೂರು ವರ್ಷ ನಂಬಿಕೊಂಡಿದ್ದೆ. ನಿಮ್ಮಲ್ಲಿ ಯಾರಾದರೂ ಹೀಗೆ ನಂಬಿದ್ದರೆ ನಾಚಿಕೊಳ್ಳಬೇಡಿ. ನಾಚಿಕೊಳ್ಳಬೇಕಾದವನು ನಾನು, ಏಕೆಂದರೆ ಚಾಮರಾಜನಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳಿ ಅನ್ನ ತಿನ್ನುತ್ತಿರುವ ಮನುಷ್ಯ ನಾನು.

ತೊಟ್ಟಿ ನಮ್ಮ ಮನೆಗೆ ಬಂದದ್ದು ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರಿಂದ. ಜೊತೆಗೆ ಆರು ಗೋಲ್ಡ್‌ಫಿಶ್, ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿದ ಹರಳುಕಲ್ಲು. ನನ್ನ ಹೆಂಡತಿ ಮಾದೇವಿ ಅವತ್ತೇ ಆರಕ್ಕೂ ಬೆಳ್ಳಿ, ಗುಂಡ, ಕೆಂಪಿ ಎಂದೆಲ್ಲ ಹೆಸರಿಟ್ಟಳು. ಅವಳು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಮುಂದೆ ನಿಂತು, "ಎಲ್ರೂ ಉಂಡ್ರಾ?" ಎನ್ನುತ್ತಾಳೆ. ಮೊದಮೊದಲು ಆ ಬಹುವಚನದಲ್ಲಿ ನಾನೂ ಸೇರಿದ್ದೇನೆಂದು ತಿಳಿದು "ಹ್ಞೂಂ, ಉಂಡೆ" ಎಂದು ಉತ್ತರ ಕೊಡುತ್ತಿದ್ದೆ. ಆಮೇಲೆ ಬಿಟ್ಟೆ.

ಮೀನಿಗೆ ತಿಂಡಿ ಹಾಕುವುದು ಅವಳ ಪಾಲು, ತೊಟ್ಟಿ ಚೊಕ್ಕಟವಾಗಿಡುವುದು ನನ್ನ ಪಾಲು. ಪ್ರತಿ ಭಾನುವಾರ ನಾನು ಒಳಗಿನ ಗಾಜಿಗೆ ಸ್ಪಂಜು, ಹೊರಗಿನ ಗಾಜಿಗೆ ಹಳೆಯ ಪೇಪರು ಹಿಡಿದು ಉಜ್ಜಿ, ಆವಿಯಾದಷ್ಟು ನೀರು ಸುರಿದು ಕೈ ತೊಳೆಯುತ್ತಿದ್ದೆ. ಬಂದವರು "ನೀರು ಎಷ್ಟು ತಿಳಿಯಾಗಿದೆ ಸಾರ್!" ಎಂದು ಹೊಗಳಿದರೆ, ಎಲ್ಲ ವಿಷಯದ ಮೇಲೆ ಹಿಡಿತವಿರುವವನಂತೆ ನಗುತ್ತಿದ್ದೆ.

ಈ ನಗು ಇಳಿಸಿದವರು ಪಾರ್ವತಕ್ಕ. ಮಾದೇವಿಯ ಅಕ್ಕ, ಗಂಡನ ಜೊತೆ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ನಡೆಸುತ್ತಾರೆ. ಕೇರಳದ ವ್ಯಾಪಾರಿಯೊಬ್ಬ ಪ್ರೀತಿಯಿಂದ ಕೊಟ್ಟ ಮೀನಿನ ತೊಟ್ಟಿಯೊಂದು ಅವರ ಮಂಡಿಯಲ್ಲೂ ಇದೆ, ತಕ್ಕಡಿಯ ಪಕ್ಕದಲ್ಲೇ. ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದವರು ತೊಟ್ಟಿಯನ್ನು ಒಂದು ಸುತ್ತು ನೋಡಿದರು, ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡರು, ಕೈ ಮುಳುಗಿಸಿ ಕಲ್ಲಿನೊಳಕ್ಕೆ ಬೆರಳು ತೂರಿಸಿ, ಹಿಟ್ಟು ಕದಡಿದಂತೆ ಒಮ್ಮೆ ಕದಡಿದರು.

ನೋಡುತ್ತಿದ್ದಂತೆ ತಳದಿಂದ ಕಪ್ಪು ಮೋಡ ಎದ್ದಿತು. ಅದರ ಹಿಂದೆಯೇ ಗುಳುಗುಳು ಗುಳ್ಳೆ. ಗುಳ್ಳೆ ಒಡೆದದ್ದೇ ತಡ, ಕೊಳೆತ ಮೊಟ್ಟೆಯ ವಾಸನೆ ನಡುಮನೆಯೆಲ್ಲ ತುಂಬಿತು. ಮೀನು ಕಾಣಿಸಲಿಲ್ಲ, ಕಲ್ಲು ಕಾಣಿಸಲಿಲ್ಲ, ನಾನು ಒರೆಸಿದ್ದ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಅಯ್ಯಯ್ಯೋ ಮೇಷ್ಟ್ರೇ, ಮ್ಯಾಲ್ಗಡೆ ಅರಮನೆ, ಕೆಳಗಡೆ ಚರಂಡಿ ಮಡೀಕಂಡಿದ್ದೀರಲ್ಲ!"

ಮೂರು ವರ್ಷದ ಎಂಜಲು ತಿಂಡಿ, ಮೂರು ವರ್ಷದ ಮೀನಿನ ಹಿಕ್ಕೆ, ಎಲ್ಲ ಕಲ್ಲಿನ ಸಂದಿಯಲ್ಲಿ ಕೂತಿತ್ತು. ಮಾದೇವಿ ತೊಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಂಗಿಯ ಕಾಲರಿನಲ್ಲಿ ಬಿಟ್ಟುಹೋದ ಹೊಲಿಗೆ ಸಿಕ್ಕಾಗ ಅವಳು ಹೀಗೇ ನೋಡುತ್ತಿರಬೇಕು. "ಇಷ್ಟ್ ದಿಸ ಇದ್ರೊಳಗಾ ನನ್ ಮೀನು ಬದುಕಿದ್ದು?" ಎಂದಳು.

ಪಾರ್ವತಕ್ಕ ಕೈ ಒರೆಸಿಕೊಳ್ಳುತ್ತ, ಪೈಪು ಕಲ್ಲಿಗೆ ಚುಚ್ಚಿ ಬಕೆಟ್ಟಿಗೆ ನೀರು ಎಳೆದರೆ ಕೊಳಕು ಅದರ ಹಿಂದೆಯೇ ಬರುತ್ತದೆ, ಆದರೆ ಒಂದೇ ಸಲಕ್ಕೆ ಎಲ್ಲ ಬೇಡ, ಸ್ವಲ್ಪ ಸ್ವಲ್ಪವೇ, ಎಂದೇನೋ ಹೇಳುತ್ತಿದ್ದರು. ಅವಮಾನವಾದ ಮನುಷ್ಯನ ಕಿವಿಗೆ "ಕೊಳಕು" ಎಂಬ ಮಾತು ಮಾತ್ರ ಬೀಳುತ್ತದೆ. "ಸ್ವಲ್ಪ ಸ್ವಲ್ಪ" ಬೀಳುವುದಿಲ್ಲ.

ಆ ಬುಧವಾರ ಮಾದೇವಿ ತವರೂರು ಕುದೇರಿಗೆ ಹೋದಳು. ತಾಯಿಯ ಕಣ್ಣಿಗೆ ಆಪರೇಷನ್ ಆಗಿತ್ತು, ನಾಲ್ಕು ದಿನ ಜೊತೆಗಿದ್ದು ಭಾನುವಾರ ಬರುವುದು ಎಂದಾಗಿತ್ತು. ನಾನು ಗುರುವಾರ ರಜೆ ಹಾಕಿದೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಕಲ್ಲನ್ನೆಲ್ಲ ಗೋರಿ ತೆಗೆದು, ಮದುವೆಯಲ್ಲಿ ಬಂದಿದ್ದ ದೊಡ್ಡ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ಹೌದು, ಕಲ್ಲು ಬೇಯಿಸಿದೆ. ಮೂರು ನೀರು ಬದಲಾಯಿಸಿ, ಮೂರು ಸಲ ಕುದಿಸಿ, ಅಕ್ಕಿ ತೊಳೆದ ಹಾಗೆ ಉಜ್ಜಿ, ತಾರಸಿಯ ಮೇಲೆ ಬಿಸಿಲಿಗೆ ಹರಡಿದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ತಿಳಿ ನೀರು ಬರುವವರೆಗೂ ಹಿಂಡಿದೆ. ತೊಟ್ಟಿಗೆ ಪೂರಾ ಹೊಸ ನೀರು. ಸಂಜೆ ಮೀನು ಬಿಟ್ಟು ಫೋಟೋ ತೆಗೆದು ಕುದೇರಿಗೆ ಕಳಿಸಿದರೆ, ಮಾದೇವಿ "ಬಾಳ ಚೆನ್ನಾಗದೆ" ಎಂದು ಬರೆದಳು. ಅವಳಿಂದ ಲಿಖಿತವಾಗಿ ಮೆಚ್ಚುಗೆ ಸಿಕ್ಕಿದ್ದು ಎಷ್ಟು ಕಾಲದ ಮೇಲೋ. ಆ ಸಂದೇಶವನ್ನು ಎರಡು ಸಲ ತೆಗೆದು ಓದಿದೆ.

ಶುಕ್ರವಾರ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಕೂತುಕೊಳ್ಳುತ್ತದೆ ಎಂದುಕೊಂಡು ಕಾಲೇಜಿಗೆ ಹೋದೆ. ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಬಂದರೆ ಬೆಳ್ಳಿ ಮಗ್ಗುಲಾಗಿ ತೇಲುತ್ತಿತ್ತು. ಗುಂಡ ತಳದಲ್ಲಿ, ನಾನು ಬೇಯಿಸಿದ ಬೆಳ್ಳಗಿನ ಕಲ್ಲಿನ ಮೇಲೆ, ಅಲ್ಲಾಡದೆ ಬಿದ್ದಿತ್ತು. ಉಳಿದ ನಾಲ್ಕು ನೀರಿನ ಮೇಲ್ಮಟ್ಟಕ್ಕೆ ಬಾಯಿ ತಾಗಿಸಿ ಗಬಗಬ ಗಾಳಿ ನುಂಗುತ್ತಿದ್ದವು. ಕಾಫಿ ನನ್ನ ಪಾದದ ಮೇಲೆ ಚೆಲ್ಲಿದ್ದು ಆಮೇಲೆ ಪಾದ ಉರಿದಾಗಲೇ ಗೊತ್ತಾಯಿತು. ಕೊಳಚೆಯಲ್ಲಿ ಮೂರು ವರ್ಷ ಬದುಕಿದವು, ನಾನು ಚೊಕ್ಕಟ ಮಾಡಿದ ಎರಡೇ ದಿನಕ್ಕೆ ಹೀಗಾಗುವುದೆಂದರೇನು? ನಾಚಿಕೆ ಬದಿಗಿಟ್ಟು ಪಾರ್ವತಕ್ಕನಿಗೆ ಫೋನ್ ಮಾಡಿದೆ.

"ಬೇಯಿಸ್ಬುಟ್ರಾ?" ಎಂದರು ಅವರು. ಹಿಂದೆ ಲಾರಿಯ ಸದ್ದು. "ಕಲ್ಲ? ಕಲ್ಲೇನ್ ಬ್ಯಾಳೆನಾ ಮೇಷ್ಟ್ರೇ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಮೊಸರು ಮಾಡಕ್ಕೆ ಎಪ್ಪು ಬೇಕಾ ಬ್ಯಾಡ್ವಾ? ಅಂಗೇ ಆ ಕಲ್ಲಲ್ಲಿ ಎಪ್ಪು ಕೂತಿತ್ತು. ಮೀನಿನ ವಿಷ ತಿಂದಾಕ್ತಿದ್ದುದೇ ಅದು. ಕೊಳ್ಕು ತೆಗೀರಿ ಅಂದ್ರೆ ಎಪ್ಪನ್ನೂ ತೆಗ್ದುಬುಟ್ರಲ್ಲ! ಈಗ ಅರ್ಧ ನೀರು ಬದ್ಲಾಯ್ಸಿ. ನಲ್ಲಿ ನೀರ ನೇರ ಉಯ್ಬ್ಯಾಡಿ, ಇಡ್ದು ಮಡ್ಗಿರೋದ ಉಯ್ರಿ. ತಿಂಡಿ ಆಕ್ಬ್ಯಾಡಿ. ಬಸ್ ಅತ್ತಿ ಬನ್ನಿ, ನಮ್ ತೊಟ್ಟಿ ಕಲ್ಲು ಕೊಡ್ತೀನಿ."

ಮೀನು ಸತ್ತದ್ದಕ್ಕಿಂತ ದೊಡ್ಡ ಪೆಟ್ಟು ಇದು. ಅವರು ಹೇಳಿದ ಹೆಪ್ಪು ನನ್ನದೇ ಪಾಠ. ಮೀನು ಹೊರಹಾಕುವ ಅಮೋನಿಯವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಕಣ್ಣಿಗೆ ಕಾಣದ ಇವು ಕಲ್ಲಿನ ಮೈಗೆ, ಸ್ಪಂಜಿನ ತೂತಿಗೆ ಅಂಟಿಕೊಂಡು ಬದುಕುತ್ತವೆ. ವರ್ಷಾವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದೇನೆ. ಬಾಣ ಮರೆತವರಿಗೆ ಅರ್ಧ ಅಂಕ ಕಳೆದಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಪಾರ್ವತಕ್ಕನಿಗೆ ಈ ವಿದ್ಯೆ ಮೀನು ನೋಡಿ ನೋಡಿ ಬಂದಿತ್ತು. ನನಗೆ ಬಂದಿದ್ದ ವಿದ್ಯೆ ಕಾಲೇಜಿನ ಗೇಟು ದಾಟಿ ನನ್ನ ಮನೆಯವರೆಗೆ ಬಂದೇ ಇರಲಿಲ್ಲ.

ನೀರು ಬದಲಾಯಿಸಿ, ಸತ್ತವೆರಡನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹೂತು, ಗುಂಡ್ಲುಪೇಟೆಗೆ ಹೊರಟೆ. ಮಂಡಿಯ ಮುಂದೆ ಕೇರಳದ ಲಾರಿಗೆ ಮೂಟೆ ಏರುತ್ತಿದ್ದವು. ಪಾರ್ವತಕ್ಕ ತಮ್ಮ ತೊಟ್ಟಿಯಿಂದ ನಾಲ್ಕು ಬೊಗಸೆ ಕಲ್ಲು ತೆಗೆದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಕವರಿಗೆ ಹಾಕಿದರು. ಆಗ ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಮೆಲ್ಲಗೆ ಬಾಯಿಬಿಟ್ಟೆ: ಇಲ್ಲಿ ಎಲ್ಲಾದರೂ ಬೆಳ್ಳಿಯಂಥದೊಂದು, ಗುಂಡನಂಥದೊಂದು ಸಿಕ್ಕೀತೇ? ಮಾದೇವಿ ಬರುವುದು ನಾಳೆ. ಅವಳಿಗೆ ತಿಳಿಯುವುದೇ ಬೇಡ.

ಪಾರ್ವತಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ನೀವೂ ಅದೇ ದಾರಿ ಇಡುದ್ರಾ? ಓದ್ ವರ್ಸ ನೀವು ಪೇಪರ್ ತಿದ್ದಕ್ಕೆ ಮೈಸೂರಿಗ್ ಓಗಿದ್ರಲ್ಲ, ಆಗ ಮಾದೇವಿ ತಿಂಡಿ ಜಾಸ್ತಿ ಆಕಿ ಕೆಂಪಿ ಸತ್ತೋಯ್ತು. ಅಳ್ಕಂಡು ಇಲ್ಗೇ ಬಂದ್ಲು. ಅಂತದ್ದೇ ಒಂದ ನಾನೇ ಉಡ್ಕಿ ಕೊಟ್ಟೆ. ಇದ್ನ ನಿಮ್ಗೆ ಯೋಳ್ದೆ ಅಂತ ಅವಳ್ಗೆ ಯೋಳ್ಬ್ಯಾಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟು ನಾನು ಪಕ್ಕದ ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟೆ. ಈಗಿನ ಕೆಂಪಿ ಕೆಂಪಿಯಲ್ಲ! ನಾನು ಮೈಸೂರಿನಿಂದ ಬಂದ ದಿನ ಅದು ಗಾಜಿನ ಹತ್ತಿರ ಬಂದದ್ದಕ್ಕೆ, "ನೋಡು, ಹದಿನೈದು ದಿನವಾದರೂ ನನ್ನ ಗುರುತು ಮರೆತಿಲ್ಲ" ಎಂದಿದ್ದೆ. ಮಾದೇವಿ ಹೌದೆಂದು ತಲೆಯಾಡಿಸಿದ್ದಳು. ಅಷ್ಟು ಗಂಭೀರವಾಗಿ!

ಹೊಸ ಮೀನು ಕೊಳ್ಳಲಿಲ್ಲ. ಅದು ಸತ್ಯದ ಮೇಲಿನ ಪ್ರೀತಿಯಿಂದಲೇ ಎಂದರೆ ಸುಳ್ಳಾಗುತ್ತದೆ. ಉಳಿದ ನಾಲ್ಕಕ್ಕೇ ಉಸಿರು ಕಟ್ಟಿರುವ ನೀರಿಗೆ ಇನ್ನೆರಡನ್ನು ತಳ್ಳಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ. ತೆರಕಣಾಂಬಿ ಬರುವಷ್ಟರಲ್ಲಿ ಕವರು ಸೋರಿ ಪ್ಯಾಂಟು ನೆನೆದಿತ್ತು, ವಾಸನೆಯೂ ಎದ್ದಿತ್ತು. "ಏನ್ ಸಾರ್ ಅದು?" ಎಂದ ಕಂಡಕ್ಟರ್. "ಕಲ್ಲು" ಎಂದೆ. ಅವನು ನನ್ನ ಮುಖ ನೋಡಿ, ಒದ್ದೆಯಾದ ಪ್ಯಾಂಟು ನೋಡಿ ಮುಂದೆ ಹೋದ.

ಆ ಕೊಳಕು ಕಲ್ಲನ್ನು ನನ್ನ ಬೆಳ್ಳಗಿನ ಕಲ್ಲಿನ ಮೇಲೆ ಹರಡಿದೆ. ಭಾನುವಾರ ಬೆಳಿಗ್ಗೆ ನಾಲ್ಕು ಮೀನೂ ಮೇಲ್ಮಟ್ಟ ಬಿಟ್ಟು ನಡುನೀರಿಗೆ ಇಳಿದಿದ್ದವು.

ಮಾದೇವಿ ಬಂದಳು. ಚಪ್ಪಲಿ ಬಿಟ್ಟಳು. ತೊಟ್ಟಿಯ ಮುಂದೆ ನಿಂತು ಬೆರಳಲ್ಲಿ ಎಣಿಸಿ, ಇನ್ನೊಮ್ಮೆ ಎಣಿಸಿ, "ಬೆಳ್ಳಿ ಎಲ್ಲಿ?" ಎಂದಳು. ನಾನು ಎಲ್ಲ ಹೇಳಿದೆ. ಕುದಿಸಿದ್ದು ಒಂದು ಸಲ ಎನ್ನಬಹುದಿತ್ತು, ಮೂರು ಸಲ ಎಂದೇ ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. "ಎಲ್ಲಿ ಹೂತ್ರಿ?" ಎಂದು ಕೇಳಿ ಕರಿಬೇವಿನ ಗಿಡದ ಹತ್ತಿರ ಹೋಗಿ ಬಂದಳು. ಬಯ್ಯಲಿಲ್ಲ. ಬಯ್ಯದಿದ್ದುದು ನನಗೆ ಇನ್ನಷ್ಟು ಕಷ್ಟವಾಯಿತು. ವಾರವಿಡೀ ತೊಟ್ಟಿಯ ನೀರನ್ನು ದಿನಕ್ಕೊಂದಿಷ್ಟು ಅವಳೇ ಬದಲಾಯಿಸಿದಳು. ನಾನು ಕೇಳಿದ್ದಕ್ಕಷ್ಟೇ ಉತ್ತರ ಬರುತ್ತಿತ್ತು.

ನೀರು ತಿಳಿಯಾಗಿ, ಮೀನುಗಳು ತಿಂಡಿಗೆ ಬಾಯಿ ಹಾಕತೊಡಗಿದ ಮೇಲೆ ಒಂದು ಭಾನುವಾರ ಅವಳೇ ಪೈಪು ತಂದು ನನ್ನನ್ನು ಕರೆದಳು. ಪೈಪಿನ ಬಾಯನ್ನು ಕಲ್ಲಿಗೆ ಚುಚ್ಚಿದಳು. ಕಲ್ಲು ಎದ್ದು ಗಿರಗಿರ ತಿರುಗಿ ಮತ್ತೆ ಕೂತವು, ಕೊಳಕಷ್ಟೇ ನೀರಿನ ಜೊತೆ ಬಕೆಟ್ಟಿಗೆ ಬಿತ್ತು. ನಾನು ಬಕೆಟ್ಟು ಹಿಡಿದುಕೊಂಡಿದ್ದೆ. ಅವಳು ನನ್ನ ಕಡೆ ನೋಡದೆ ಹೇಳಿದಳು: "ರೀ, ನಾನೂ ಒಂದ್ ಮುಚ್ಚಿಟ್ಟಿದ್ದೆ."

ನಾನು ಪಾರ್ವತಕ್ಕನಿಗೆ ಕೊಟ್ಟ ಮಾತಿನಂತೆ, ಈಗಷ್ಟೇ ಕೇಳಿ ಬೆಚ್ಚಿಬಿದ್ದವನ ಮುಖ ಮಾಡಲು ಸಿದ್ಧನಾದೆ. ಹುಬ್ಬು ಮೇಲೇರಿಸಿ ಕಾದೆ.

"ಗುಂಡ ಸತ್ತನಲ್ಲ, ಅವನು ಎರಡನೇ ಗುಂಡ ಕಣ್ರೀ. ಮೊದಲ್ನೇವ್ನು ಮೊದಲ್ನೇ ವರ್ಷನೇ ಓದ. ನೀವು ಬೇಜಾರ್ ಮಾಡ್ಕೋತೀರಿ ಅಂತ ಇಲ್ಲೇ ಪೇಟೇಲಿ ತಂದ್ ಬುಟ್ಟಿದ್ದೆ. ನಮ್ಮಕ್ಕಂಗೂ ಗೊತ್ತಿಲ್ಲ."

ಏರಿಸಿದ ಹುಬ್ಬು ಏರಿಸಿದಲ್ಲೇ ನಿಂತಿತು. ನಟಿಸಬೇಕಾದ ಶ್ರಮ ಉಳಿಯಿತು. ಆಮೇಲೆ ಕೆಂಪಿಯ ಕಥೆಯನ್ನೂ ಹೇಳಿದಳು. ನಾನು ಅದಕ್ಕೆ ಬೇರೆಯಾಗಿ ಬೆಚ್ಚಲು ಮರೆತೇಬಿಟ್ಟೆ. ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಒಬ್ಬಳು ಇಷ್ಟು ವರ್ಷ ಅಂಗಡಿಯ ಮೀನುಗಳಲ್ಲಿ ಗುಂಡನ ಮುಖ ಹುಡುಕಿದ್ದಾಳೆ. ಅವಳಿಗೆ ಬೇಜಾರಾಗುತ್ತದೆಂದು ಯಾರೂ ಏನನ್ನೂ ಹೀಗೆ ಮುಚ್ಚಿಟ್ಟಿಲ್ಲವಲ್ಲ ಎಂದು ನನಗೇ ಕಸಿವಿಸಿಯಾಯಿತು.

"ಇನ್ನೂ ಏನಾದರೂ ಇದೆಯಾ?" ಎಂದು ಕೇಳಿದೆ.

"ಇದ್ರೆ ಇನ್ನೊಂದ್ ದಿಸ ಯೋಳ್ತೀನಿ" ಎಂದಳು ಮಾದೇವಿ. "ಬಕೆಟ್ ಸರ್ಯಾಗಿ ಇಡ್ಕಳಿ, ಚೆಲ್ತದೆ."

ನಾನು ಸರಿಯಾಗಿ ಹಿಡಿದುಕೊಂಡೆ.