ಕಣ್ಕಾಪು ಬಿಚ್ಚಿದ ಕೈ

ಬುವಾಖಾಮ್‌ಗೆ ಕುದುರೆಯೆಂದರೆ ಭಯ. ಕುದುರೆ ಸಾರೋಟುಗಳ ಊರಾದ ನಮ್ಮ ಲಂಪಾಂಗ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಇಲ್ಲಿ ಅಜ್ಜಿಯರೂ ಸಾರೋಟಿನ ಕುದುರೆಯ ಮೂಗು ಸವರಿಯೇ ಸಂತೆಗೆ ಹೋಗುತ್ತಾರೆ. ಪಿಂಗಾಣಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಟ್ಟಲುಗಳಿಗೆ ಹುಂಜದ ಚಿತ್ರ ಬರೆದು, ಧೂಳಿಗೆ ಎದೆ ಕೆಟ್ಟ ಮೇಲೆ ಅವಳು ಕುದುರೆ ಲಾಯದ ಕೆಲಸ ಕಲಿಯಲು ಸೇರಿದಳು. ಕೊನೆಯ ಪರೀಕ್ಷೆ ಪಾಸಾದರೆ ಲಾಯದಲ್ಲಿ ಕೆಲಸ. ಇಲ್ಲವಾದರೆ ಮತ್ತೆ ಅದೇ ಧೂಳು.

ಪಕ್ಕದ ಮನೆಯವಳಾದ್ದರಿಂದ ಪರೀಕ್ಷೆಯ ದಿನ ನಾನೂ ಬೇಲಿಯಾಚೆ ನಿಂತಿದ್ದೆ.

"ಕೈ ನಡುಗ್ತಿದೆಯಲ್ಲೇ," ಎಂದ ಇಂತಾ ಎಂಬ ಹೆಸರಿನ, ಸಾರೋಟು ಹೊಡೆಯುವ ಮುದುಕ.

"ನಡುಗ್ಲಿ ಬಿಡಿ ಮಾವ. ಕಾಲು ಓಡದಿದ್ರೆ ಸಾಕು."

"ಓಡೋದಾದ್ರೆ ನನ್ನ ಗಾಡೀಲೇ ಓಡು. ನನಗೆ ಬಾಡಿಗೆನಾದ್ರೂ ಸಿಗುತ್ತೆ."

ಸಾರೋಟಿನಿಂದ ಕುದುರೆ ಬಿಚ್ಚುವುದೇ ಪರೀಕ್ಷೆ. ಮೊದಲು ಗಾಡಿ ಬಿಡಿಸಬೇಕು, ಆಮೇಲೆ ಮುಖದ ಕಣ್ಕಾಪು, ಅಂದರೆ ಕಣ್ಣುಗಳ ಪಕ್ಕ ಮರೆಯಾಗಿ ಕಟ್ಟುವ ತೊಗಲಿನ ಪಟ್ಟಿ. ಕಣ್ಕಾಪು ಇರುವ ತನಕ ಕುದುರೆಗೆ ಹಿಂದಿನದೇನೂ ಕಾಣದು. ತೆಗೆದರೆ, ಬೆನ್ನಿಗೇ ಅಂಟಿಕೊಂಡು ಬರುವ ಚಕ್ರಗಳು ಕಾಣುತ್ತವೆ. ಅಡುಗೆ ಮಾಡುವಾಗಲೂ ಅವಳು ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಗೋಡೆಯಾಚೆ ನನಗೇ ಬಾಯಿಪಾಠವಾಗಿತ್ತು.

ಅವಳು ಗಾಡಿಯ ಬಾರಿಗೆ ಕೈ ಹಾಕುವಷ್ಟರಲ್ಲಿ, ಅಂಕ ಹಾಕುವ ಗುರು ವಿಚಿಯನ್ ಕ್ಯಾಮೆರಾ ಹಿಡಿದ ಅತಿಥಿಗಳ ಜೊತೆ ಬಂದ.

"ಮೊದ್ಲು ಕಣ್ಕಾಪು ತೆಗಿಯಮ್ಮ. ಇವರಿಗೆ ಕುದುರೆ ಮುಖದ ಫೋಟೊ ಬೇಕಂತೆ."

"ಗಾಡಿ ಇನ್ನೂ ಬಿಡಿಸಿಲ್ಲ, ಗುರುಗಳೆ."

"ಅಂಕ ಹಾಕೋನು ನಾನಾ, ನೀನಾ?"

ಕುದುರೆಗಿಂತ ಆ ಮನುಷ್ಯನಿಗೆ ಹೆಚ್ಚು ಹೆದರಿದಳು. ಬಿಚ್ಚಿದಳು.

ಕುದುರೆ ತಲೆ ತಿರುಗಿಸಿತು, ಚಕ್ರ ಕಂಡಿತು, ಓಡಿತು. ಓಡಿದಷ್ಟೂ ಚಕ್ರ ಬೆನ್ನಟ್ಟಿತು. ಕೊರಳ ಪಟ್ಟಿಗೆ ಜೋತುಬಿದ್ದ ಬುವಾಖಾಮ್‌ಳನ್ನು ಕಲ್ಲಿನ ಮೇಲೆ ಎಳೆದುಕೊಂಡೇ ಹೋಯಿತು. ಗಾಡಿ ಬೇಲಿಯ ಕಂಬಕ್ಕೆ ಸಿಕ್ಕಿಕೊಂಡ ಮೇಲಷ್ಟೇ ನಿಂತದ್ದು.

"ಯಾರು ನಿಂಗೆ ಬಿಚ್ಚು ಅಂದಿದ್ದು?" ವಿಚಿಯನ್ ಎಲ್ಲರಿಗೂ ಕೇಳಿಸುವಂತೆ ಕೇಳಿದ.

ಹೆದರುವವರಿಗೆ ಈ ಕೆಲಸವಲ್ಲ ಎಂದು ಪಾಠ ಹೇಳುವವನೇ ಈ ವಿಚಿಯನ್. ಅವಳ ಭಯ ಸರಿಯಾಗಿಯೇ ಇತ್ತು; ಅದನ್ನು ಕುದುರೆಯ ಕಡೆಯಿಂದ ತನ್ನ ಕಡೆಗೆ ತಿರುಗಿಸಿಕೊಂಡವನು ಈತ. ಅತಿಥಿಗಳು ಮಾತ್ರ ಫೋಟೊ ತೆಗೆಯುತ್ತಲೇ ಇದ್ದರು.

ಮೊಣಕಾಲಿನ ರಕ್ತ ಒರೆಸಿಕೊಳ್ಳದೆ ಬುವಾಖಾಮ್ ಎದ್ದಳು. ಬಿಳಿಗಣ್ಣು ಬಿಟ್ಟು ನಡುಗುತ್ತಿದ್ದ ಕುದುರೆಯ ಕಣ್ಣಿಗೆ ಎರಡೂ ಅಂಗೈ ಅಡ್ಡ ಹಿಡಿದಳು.

"ಸಾಕು, ಈಚೆ ಬಾ. ನೀನು ಫೇಲು," ಎಂದ ವಿಚಿಯನ್.

"ಆಗ್ಲಿ ಗುರುಗಳೆ." ಅವಳು ಅಂಗೈ ಕದಲಿಸಲಿಲ್ಲ. "ಇಂತಾ ಮಾವ, ಬಾರು ಬಿಚ್ಚಿ. ಮೊದ್ಲು ಗಾಡಿ."